ದೊಡ್ಡ ಕಾರ್ಯಕ್ರಮ ಬಂದಾಗ ಬೀದಿಯಲ್ಲಿ ಮಲಗುವವರನ್ನು ಎಲ್ಲಿಗೆ ಕಳಿಸುತ್ತಾರೆ?

ದಿಲ್ಲಿವಾಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ, ಇಲ್ಲಿ ಕೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ನಾನು ದಿಲ್ಲಿಯಲ್ಲಿ ಆರ್.ಕೆ. ಪುರಂ ಕಡೆ ಇರುವವನು. 2023ರ ಸೆಪ್ಟೆಂಬರ್ 9 ಮತ್ತು 10ರಂದು ಪ್ರಗತಿ ಮೈದಾನದಲ್ಲಿ ಜಿ20 ಶೃಂಗಸಭೆ ನಡೆಯಿತಲ್ಲ, ಅದಕ್ಕೆ ಎಷ್ಟೋ ತಿಂಗಳು ಮುಂಚೆಯೇ ಊರಿಗೆ ಬಣ್ಣ ಬಳಿಯುವುದು ಶುರುವಾಗಿತ್ತು. ಗೋಡೆಗೆ ಚಿತ್ರ, ವೃತ್ತಕ್ಕೊಂದು ಕಾರಂಜಿ, ರಸ್ತೆ ಉದ್ದಕ್ಕೂ ಹೂಕುಂಡ. ನೋಡೋಕೆ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ವಸಂತ ವಿಹಾರದ ಹತ್ತಿರ ಕೂಲಿ ಕ್ಯಾಂಪ್ ಅಂತ ಒಂದು ಬಸ್ತಿ, ಅಂದರೆ ಕೊಳೆಗೇರಿ, ಇದೆ, ಅದರ ಮುಂದೆ ಹಸಿರು ಬಟ್ಟೆ ಕಟ್ಟಿ ಮನೆಗಳೇ ಕಾಣದ ಹಾಗೆ ಮಾಡಿದರು. ಫ್ಲೈಓವರ್ ಕೆಳಗೆ ದಿನಾ ನೋಡುತ್ತಿದ್ದ ಮುಖಗಳು ಒಂದೊಂದಾಗಿ ಕಾಣೆಯಾದವು. ನಾನು ಬಸ್ಸಿಗೆ ನಿಲ್ಲುವ ಜಾಗದ ಹತ್ತಿರ ಒಂದು ಕುಟುಂಬ ಇತ್ತು, ಬಲೂನ್ ಮಾರುತ್ತಿದ್ದರು. ಅವರನ್ನು ಆಮೇಲೆ ನೋಡಲೇ ಇಲ್ಲ.

ಅದೇ ವರ್ಷ ಜುಲೈನಲ್ಲಿ ಸಂಸತ್ತಿನಲ್ಲಿ ಕೇಂದ್ರ ಸರ್ಕಾರ ಕೊಟ್ಟ ಉತ್ತರ ಏನೆಂದರೆ, ಜಿ20ಗಾಗಿ ಊರು ಚೆಂದ ಮಾಡಲು ಒಂದೇ ಒಂದು ಮನೆಯನ್ನೂ ಕೆಡವಿಲ್ಲ ಅಂತ. ಅದೇ ಉತ್ತರದಲ್ಲಿ, ಏಪ್ರಿಲ್ 1ರಿಂದ ಜುಲೈ 27ರ ನಡುವೆ ದಿಲ್ಲಿಯಲ್ಲಿ 49 ತೆರವು ಕಾರ್ಯಾಚರಣೆ ನಡೆದಿವೆ, ಸುಮಾರು 230 ಎಕರೆ ಸರ್ಕಾರಿ ಜಮೀನು ವಾಪಸ್ ಪಡೆದಿದ್ದೇವೆ ಅಂತಲೂ ಇದೆ.

ನನ್ನ ಪ್ರಶ್ನೆ ಇಷ್ಟೇ. ಹೀಗೆ ಎಬ್ಬಿಸಿದವರನ್ನು ನಿಜಕ್ಕೂ ಎಲ್ಲಿಗೆ ಕಳಿಸುತ್ತಾರೆ? ಯಾವ ಕಾನೂನಿನ ಬಲದಲ್ಲಿ? ಇದು ನಮ್ಮ ದೇಶದ ಕಥೆ ಮಾತ್ರವಾ, ಬೇರೆ ಕಡೆಯೂ ಹೀಗೇನಾ? ಗೊತ್ತಿರುವವರು ವಿವರವಾಗಿ ಬರೆಯಿರಿ, ಉದ್ದವಾದರೂ ಪರವಾಗಿಲ್ಲ, ಓದುತ್ತೇನೆ.

---

ಜಯನಗರ 4ನೇ ಬ್ಲಾಕ್:

ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ಇನ್ನೊಂದು ಮಗ್ಗುಲೂ ಇದೆ ಅಲ್ವಾ? ಮನೆಗೆ ನೆಂಟರು ಬರುತ್ತಾರೆ ಅಂದರೆ ನಾವೂ ಮನೆ ಗುಡಿಸಿ ಸಾರಿಸುತ್ತೇವೆ, ಹಳೇ ಸಾಮಾನು ಅಟ್ಟಕ್ಕೆ ಹಾಕುತ್ತೇವೆ. ಇಪ್ಪತ್ತು ದೇಶಗಳ ನಾಯಕರು ಬಂದಾಗ ಭದ್ರತೆ ನೋಡಬೇಕು, ರಸ್ತೆ ಖಾಲಿ ಇರಬೇಕು. ಫುಟ್‌ಪಾತ್ ಇರುವುದು ನಡೆಯುವವರಿಗೆ. ನಮ್ಮ ತಾಯಿಗೆ ಎಪ್ಪತ್ತು ದಾಟಿದೆ, ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದು ನಡೆಯಬೇಕಾದ ಪರಿಸ್ಥಿತಿ.

ಬೀದಿಯಲ್ಲಿ ಮಲಗುವುದು ಆ ಜನರಿಗೂ ಕ್ಷೇಮ ಅಲ್ಲ. ಲಾರಿ ಹರಿದು ಸತ್ತ ಸುದ್ದಿ ಓದುತ್ತಲೇ ಇರುತ್ತೇವೆ. ಸರ್ಕಾರ ರಾತ್ರಿ ತಂಗುದಾಣ ಕಟ್ಟಿಸಿದೆ, ಊಟ ಕೊಡುತ್ತದೆ, ಆದರೂ ಅಲ್ಲಿಗೆ ಹೋಗಲ್ಲ ಅನ್ನುವವರು ಬಹಳ ಜನ. ಯಾವುದೋ ಒಂದು ನೆಪದಲ್ಲಿ ಅವರನ್ನು ಎಬ್ಬಿಸಿ ಒಂದು ಸೂರಿನ ಕೆಳಗೆ ಸೇರಿಸಿದರೆ ತಪ್ಪೇನು ಅನ್ನುವುದು ನನ್ನ ಪ್ರಾಮಾಣಿಕ ಪ್ರಶ್ನೆ.

---

ಯಮುನಾ ಬಜಾರ್:

ನಾನು ಹಲವು ವರ್ಷ ದಿಲ್ಲಿಯಲ್ಲಿ ಬೀದಿ ಜನರ ಜೊತೆ ಕೆಲಸ ಮಾಡಿದವಳು, ಚಳಿಗಾಲದಲ್ಲಿ ರಾತ್ರಿ ಹೊತ್ತು ಕಂಬಳಿ ಹಂಚಲು, ಶೆಲ್ಟರ್‌ಗೆ ಕರೆದೊಯ್ಯಲು ಹೋಗುತ್ತಿದ್ದೆ. ಮೊದಲು ಪ್ರಶ್ನೆಗೆ ನೇರ ಉತ್ತರ: ಹೆಚ್ಚಿನವರನ್ನು ಎಲ್ಲಿಗೂ ಕಳಿಸುವುದಿಲ್ಲ. ಎಬ್ಬಿಸುತ್ತಾರೆ, ಅಷ್ಟೇ. ಆಮೇಲೆ ಅವರು ಊರ ಅಂಚಿಗೋ ನದಿ ದಂಡೆಗೋ ಇನ್ನೊಂದು ಫ್ಲೈಓವರ್ ಕೆಳಗೋ ಹೋಗಿ ಬೀಳುತ್ತಾರೆ. ಕೆಲವರನ್ನು ಮಾತ್ರ ಕಾನೂನು ಹಿಡಿಯುತ್ತದೆ, ಅದರ ಬಗ್ಗೆ ಕೆಳಗೆ ಬರೆಯುತ್ತೇನೆ.

ಜಯನಗರದವರು ತಂಗುದಾಣದ ಮಾತು ಎತ್ತಿದ್ದು ಒಳ್ಳೆಯದಾಯಿತು. ಯಾಕೆಂದರೆ ದಿಲ್ಲಿಯಲ್ಲಿ ದೊಡ್ಡ ಕಾರ್ಯಕ್ರಮಗಳ ಮುಂಚೆ ಮೊದಲು ಬಿದ್ದದ್ದೇ ತಂಗುದಾಣ. 2010ರ ಅಕ್ಟೋಬರ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಅದರ ಹಿಂದಿನ ಚಳಿಗಾಲ, ಅಂದರೆ 2009ರ ಡಿಸೆಂಬರ್ ಕೊನೆಯಲ್ಲಿ, ಪೂಸಾ ರಸ್ತೆಯ ವೃತ್ತದಲ್ಲಿದ್ದ ಟೆಂಟ್ ತಂಗುದಾಣವನ್ನು ನಗರ ಪಾಲಿಕೆಯವರು ಕಿತ್ತುಹಾಕಿದರು. ಕಾರಣ ಏನು ಗೊತ್ತಾ? ಆ ಜಾಗದಲ್ಲಿ ಹುಲ್ಲು ಬೆಳೆಸಬೇಕಿತ್ತು. ಡಿಸೆಂಬರ್ ಕೊನೆಯ ದಿಲ್ಲಿ ಚಳಿ ಎಂಥದ್ದು ಅಂತ ಅಲ್ಲಿದ್ದವರಿಗೆ ಗೊತ್ತು. ಅಲ್ಲಿದ್ದ ಜನ ಬೇರೆ ಗತಿಯಿಲ್ಲದೆ ಅದೇ ವೃತ್ತದಲ್ಲಿ ಬಯಲಲ್ಲೇ ಮಲಗಿದರು. ಅಲ್ಲಿ ಸಾವಾಗಿದೆ ಅಂತ ಪತ್ರಿಕೆಗಳಲ್ಲಿ ಬಂತು. ದಿಲ್ಲಿ ಹೈಕೋರ್ಟ್ ಆ ಸುದ್ದಿ ನೋಡಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆ ವರ್ಷ ದಿಲ್ಲಿಯಲ್ಲಿ ತಾತ್ಕಾಲಿಕ ತಂಗುದಾಣಗಳ ಸಂಖ್ಯೆಯನ್ನೇ ಹಿಂದಿನ ಚಳಿಗಾಲದ ಅರ್ಧದಷ್ಟಕ್ಕೆ ಇಳಿಸಿದ್ದರು. ಆಹಾರ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಆಯುಕ್ತರು ಇದನ್ನು ಕೋರ್ಟ್ ಗಮನಕ್ಕೆ ತಂದರು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ತಂಗುದಾಣ, ಅದೂ ವರ್ಷವಿಡೀ ದಿನದ 24 ಗಂಟೆಯೂ ತೆರೆದಿರಬೇಕು ಅನ್ನುವ ನಿಯಮ ಗಟ್ಟಿಯಾದದ್ದು ಸುಪ್ರೀಂ ಕೋರ್ಟಿನ ಈ ಪ್ರಕರಣದಿಂದಲೇ, ಆಮೇಲೆ ಅದು ಬೇರೆ ದೊಡ್ಡ ನಗರಗಳಿಗೂ ಬಂತು.

13 ವರ್ಷ ಕಳೆದ ಮೇಲೆ ಮತ್ತೆ ಅದೇ. 2023ರ ಫೆಬ್ರವರಿಯಲ್ಲಿ ಸರಾಯ್ ಕಾಲೇ ಖಾನ್ ಬಸ್ ನಿಲ್ದಾಣದ ಹತ್ತಿರದ ತಂಗುದಾಣ ಕೆಡವಿದರು. ಮಾರ್ಚ್‌ನಲ್ಲಿ ಯಮುನಾ ಬಜಾರ್, ಗೀತಾ ಘಾಟ್ ಕಡೆಯ ತಂಗುದಾಣಗಳು ಹೋದವು. ಗಮನಿಸಿ, ಇವು ಯಾರೋ ಅಕ್ರಮವಾಗಿ ಹಾಕಿಕೊಂಡ ಗುಡಿಸಲಲ್ಲ. ಸರ್ಕಾರವೇ ಕಟ್ಟಿ, ಸರ್ಕಾರದ ದುಡ್ಡಿನಲ್ಲಿ ನಡೆಯುತ್ತಿದ್ದ ಶೆಲ್ಟರ್‌ಗಳು. ಬೀದಿಯಲ್ಲಿ ಮಲಗಬೇಡಿ, ಶೆಲ್ಟರ್‌ಗೆ ಹೋಗಿ ಅಂತ ನಾವೇ ಹೇಳಿ ಕರೆದೊಯ್ದ ಜನ ಅಲ್ಲಿದ್ದರು. ಅವರಿಗೆ ನಾನು ಮತ್ತೆ ಯಾವ ಮುಖ ಇಟ್ಟುಕೊಂಡು ಶೆಲ್ಟರ್‌ಗೆ ಬನ್ನಿ ಅನ್ನಲಿ?

ಇನ್ನು ಈ ಜನ ಯಾರು ಅನ್ನುವುದು. ಕಾಶ್ಮೀರಿ ಗೇಟ್, ಯಮುನಾ ಬಜಾರಿನ ಹನುಮಾನ್ ಮಂದಿರ, ಜಾಮಾ ಮಸೀದಿ ಸುತ್ತಮುತ್ತ ಮಲಗುವವರಲ್ಲಿ ಬಹುಪಾಲು ದುಡಿಯುವವರು. ಸೈಕಲ್ ರಿಕ್ಷಾ ತುಳಿಯುತ್ತಾರೆ, ಸದರ್ ಬಜಾರಿನಲ್ಲಿ ಮೂಟೆ ಹೊರುತ್ತಾರೆ, ಚಿಂದಿ ಆಯುತ್ತಾರೆ, ಮದುವೆ ಸೀಸನ್‌ನಲ್ಲಿ ಪಾರ್ಟಿ ಕೆಲಸಕ್ಕೆ ಹೋಗುತ್ತಾರೆ. ದಿಲ್ಲಿಯ ದೊಡ್ಡ ದೊಡ್ಡ ಮದುವೆಗಳಲ್ಲಿ ತಟ್ಟೆ ಹಿಡಿದು ಓಡಾಡುವವರು, ರಾತ್ರಿ ಎರಡು ಗಂಟೆಗೆ ಪಾತ್ರೆ ತೊಳೆಯುವವರು ಎಷ್ಟೋ ಜನ ಮುಂಜಾವಕ್ಕೆ ಫುಟ್‌ಪಾತಿಗೆ ಬಂದು ಮಲಗುತ್ತಾರೆ. ಮೀನಾ ಬಜಾರ್ ಕಡೆ ಚಳಿಗಾಲದಲ್ಲಿ ರಜಾಯಿ ಬಾಡಿಗೆಗೆ ಸಿಗುತ್ತದೆ. ರಾತ್ರಿಗೆ ಇಷ್ಟು ಅಂತ ಕೊಟ್ಟು ಹೊದ್ದು ಮಲಗಿ, ಬೆಳಗ್ಗೆ ವಾಪಸ್ ಕೊಡಬೇಕು. ರಜಾಯಿ ಇಟ್ಟುಕೊಳ್ಳಲು ಒಂದು ಮೂಲೆಯೂ ಇಲ್ಲದವರಿಗಾಗಿ ಹುಟ್ಟಿದ ವ್ಯಾಪಾರ ಅದು. ಅಂಥವರನ್ನು ರಾತ್ರೋರಾತ್ರಿ ಎಬ್ಬಿಸಿದಾಗ ಏನಾಗುತ್ತದೆ ಅಂದರೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಆಧಾರ್ ಕಾರ್ಡ್, ಆಸ್ಪತ್ರೆ ಚೀಟಿ, ಟಿಬಿ ಮಾತ್ರೆ, ಯಾವುದೋ ಮೇಸ್ತ್ರಿ ಕೊಡಬೇಕಾದ ದುಡ್ಡಿನ ಲೆಕ್ಕ ಬರೆದ ಕಾಗದ, ಎಲ್ಲ ಪಾಲಿಕೆಯ ಕಸದ ಲಾರಿಗೆ ಹೋಗುತ್ತದೆ. ನನಗೆ ಗೊತ್ತಿದ್ದ ಒಬ್ಬ ಹಿರಿಯರು ಹೀಗೆ ಕಾರ್ಡ್ ಕಳೆದುಕೊಂಡರು. ಹೊಸದು ಮಾಡಿಸಲು ಹೋದರೆ ಹಳೇ ಮೊಬೈಲ್ ನಂಬರಿಗೆ ಓಟಿಪಿ ಹೋಗುತ್ತದೆ, ಆ ಫೋನ್ ಅದಕ್ಕೂ ಮುಂಚೆಯೇ ಕಳ್ಳತನವಾಗಿತ್ತು. ಪಿಂಚಣಿ ನಿಂತಿತು. ಅವರು ನನ್ನನ್ನು ಕೇಳಿದ್ದು ಒಂದೇ: "ಮೇಡಂ, ಆ ಚೀಲ ಎಲ್ಲಿ ಹಾಕುತ್ತಾರೆ ಹೇಳಿ, ನಾನೇ ಹೋಗಿ ಹುಡುಕುತ್ತೇನೆ."

ಶೆಲ್ಟರ್‌ಗೆ ಯಾಕೆ ಹೋಗಲ್ಲ ಅಂತ ಕೇಳಿದಿರಿ. ಬೆಳಗಿನ ಜಾವ ನಾಲ್ಕಕ್ಕೆ ಮಂಡಿಯಲ್ಲಿ ಲಾರಿ ಇಳಿಸುವವನಿಗೆ ಹತ್ತು ಕಿಲೋಮೀಟರ್ ದೂರದ ಶೆಲ್ಟರ್‌ನಿಂದ ಉಪಯೋಗವಿಲ್ಲ. ರಿಕ್ಷಾ ನಿಲ್ಲಿಸಲು ಜಾಗ ಇರುವುದಿಲ್ಲ, ಬೆಳಗ್ಗೆ ಎದ್ದಾಗ ರಿಕ್ಷಾ ಇಲ್ಲದಿದ್ದರೆ ಮಾಲೀಕನಿಗೆ ದಂಡ ಕಟ್ಟಬೇಕು. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಇರುವಂಥ ಶೆಲ್ಟರ್ ಬಹಳ ಕಡಿಮೆ. ಬೇಸಿಗೆಯಲ್ಲಿ ತಗಡಿನ ಕ್ಯಾಬಿನ್ ಒಳಗೆ ಮಲಗಲು ಆಗುವುದೇ ಇಲ್ಲ. ಇದೆಲ್ಲ ಸರಿ ಮಾಡಿದ ಕಡೆ ಜನ ತಾವಾಗಿಯೇ ಬರುತ್ತಾರೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ಕಾನೂನು. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯಿದೆಯನ್ನು 1960ರಲ್ಲಿ ದಿಲ್ಲಿಗೂ ತಂದರು. ಅದರಲ್ಲಿ ಭಿಕ್ಷೆ ಅಂದರೆ ಕೈಚಾಚುವುದು ಮಾತ್ರ ಅಲ್ಲ. ಹಾಡಿ, ಕುಣಿದು, ಕಣಿ ಹೇಳಿ, ಸಣ್ಣಪುಟ್ಟ ವಸ್ತು ಮಾರಿ ದುಡ್ಡು ಕೇಳುವುದೂ ಸೇರುತ್ತದೆ. ಕಣ್ಣಿಗೆ ಕಾಣುವಂಥ ಜೀವನೋಪಾಯ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಅಲೆಯುತ್ತಿದ್ದರೆ ಅದೂ ಭಿಕ್ಷೆಯೇ. ಅಂದರೆ ಕೆಲಸ ಮುಗಿಸಿ ಕೊಳಕು ಬಟ್ಟೆಯಲ್ಲಿ ಕೂತವನನ್ನೂ ಹಿಡಿಯಬಹುದಿತ್ತು. ನಿಮ್ಮ ಬಸ್ ಸ್ಟಾಪಿನ ಬಲೂನ್ ಕುಟುಂಬದಂಥವರೂ ಇದರ ಕೆಳಗೆ ಬರುತ್ತಿದ್ದರು. ಮೊದಲ ಸಲ ಸಿಕ್ಕಿದರೆ 1ರಿಂದ 3 ವರ್ಷ, ಮತ್ತೆ ಮತ್ತೆ ಸಿಕ್ಕಿದರೆ 10 ವರ್ಷದವರೆಗೂ ಒಳಗೆ ಇಡಬಹುದಿತ್ತು. ಕಾಮನ್‌ವೆಲ್ತ್ ಕೂಟದ ಮುಂಚೆ ದಿಲ್ಲಿ ಸರ್ಕಾರ ಮೊಬೈಲ್ ಕೋರ್ಟ್‌ಗಳನ್ನು ಓಡಿಸಿತು. ವ್ಯಾನಿನಲ್ಲೇ ಮ್ಯಾಜಿಸ್ಟ್ರೇಟ್, ಹಿಡಿದ ಕಡೆಯೇ ವಿಚಾರಣೆ.

ಕೊನೆಗೆ 2018ರ ಆಗಸ್ಟ್ 8ರಂದು ದಿಲ್ಲಿ ಹೈಕೋರ್ಟ್, ನ್ಯಾಯಮೂರ್ತಿ ಗೀತಾ ಮಿತ್ತಲ್ ಮತ್ತು ನ್ಯಾಯಮೂರ್ತಿ ಸಿ. ಹರಿ ಶಂಕರ್ ಅವರ ಪೀಠ, ಆ ಕಾಯಿದೆಯ 25 ಸೆಕ್ಷನ್‌ಗಳನ್ನು ದಿಲ್ಲಿಯ ಮಟ್ಟಿಗೆ ರದ್ದು ಮಾಡಿತು. ಭಿಕ್ಷೆಯನ್ನು ಅಪರಾಧ ಅಂತ ಹೇಳುವ ಹಾಗಿಲ್ಲ ಅಂತ ತೀರ್ಪು. ಅದಕ್ಕೇ 2023ರಲ್ಲಿ ಆ ಹಳೇ ದಾರಿ ಇರಲಿಲ್ಲ. ಈ ಸಲ ಬಳಸಿದ್ದು ಸರ್ಕಾರಿ ಜಮೀನಿನ ಒತ್ತುವರಿ ತೆರವು ಅನ್ನುವ ದಾರಿ.

---

ಗುಳೆ ಹೋದವರ ಮಗ:

ನಮ್ಮದು ರಾಯಚೂರು ಕಡೆ. ನಮ್ಮ ಭಾಗದ ಜನಕ್ಕೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ, ಮೊದಲ ಕೆಲವು ದಿನ ಕೆಲಸ, ಜಾಗ ಸಿಗುವ ತನಕ ಬಸ್ ಸ್ಟ್ಯಾಂಡ್, ಫುಟ್‌ಪಾತೇ ಗತಿ. ನಮ್ಮ ಅಪ್ಪ ಅವ್ವ ಕೂಡ ಹಾಗೆ ಮಲಗಿದವರು. ಅದಕ್ಕೇ ಮೇಲೆ ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ.

2017ರ ನವೆಂಬರ್ 28ರಿಂದ 30ರವರೆಗೆ ಹೈದರಾಬಾದಿನಲ್ಲಿ ಜಾಗತಿಕ ಉದ್ಯಮಿಗಳ ಶೃಂಗಸಭೆ ನಡೆಯಿತು, ಇವಾಂಕಾ ಟ್ರಂಪ್ ಬಂದಿದ್ದರು. ಅದಕ್ಕೆ ಮೂರು ವಾರ ಮುಂಚೆ, ನವೆಂಬರ್ 7ಕ್ಕೆ, ಪೊಲೀಸ್ ಕಮಿಷನರ್ ಆದೇಶ ಹೊರಡಿಸಿದರು, ಎರಡು ತಿಂಗಳು ಊರಲ್ಲಿ ಭಿಕ್ಷೆ ಬೇಡುವ ಹಾಗಿಲ್ಲ ಅಂತ. ಸಿಗ್ನಲ್, ಗುಡಿ, ದರ್ಗಾ, ರೈಲ್ವೆ ಸ್ಟೇಷನ್ ಎಲ್ಲ ಕಡೆಯಿಂದ ಜನರನ್ನು ವ್ಯಾನಿಗೆ ಹತ್ತಿಸಿದರು. ಗಂಡಸರನ್ನು ಚಂಚಲಗುಡ ಜೈಲಿನ ಆವರಣಕ್ಕೆ, ಹೆಂಗಸರನ್ನು ಚೆರ್ಲಪಲ್ಲಿ ಜೈಲಿನ ಆವರಣಕ್ಕೆ. ಆ ಜಾಗಕ್ಕೆ ಆನಂದ ಆಶ್ರಮ ಅಂತ ಹೆಸರು. ಇನ್ನು ಬೇಡುವುದಿಲ್ಲ ಅಂತ ಬರೆಸಿಕೊಂಡು ಬಹಳ ಜನರನ್ನು ಬಿಟ್ಟರು. ಆಮೇಲೆ ಜೈಲು ಇಲಾಖೆ, ಭಿಕ್ಷುಕರನ್ನು ತೋರಿಸಿಕೊಟ್ಟವರಿಗೆ 500 ರೂಪಾಯಿ ಬಹುಮಾನ ಅಂತ ಕೂಡ ಸಾರಿತು. ಸಭೆಗೂ ಇದಕ್ಕೂ ಸಂಬಂಧವಿಲ್ಲ ಅನ್ನುವುದು ಅಧಿಕಾರಿಗಳ ಮಾತು. 2000ದಲ್ಲಿ ಕ್ಲಿಂಟನ್ ಬಂದಾಗಲೂ ಅದೇ ಊರಲ್ಲಿ ಭಿಕ್ಷುಕರನ್ನು ಸಾಗಹಾಕಿದ್ದು ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ.

ಜಯನಗರದ ಅಣ್ಣಾವ್ರಿಗೆ ಒಂದು ಮಾತು. ನೆಂಟರು ಬಂದಾಗ ಮನೆ ಗುಡಿಸುತ್ತೇವೆ, ನಿಜ. ಮನೆಯವರನ್ನು ಹೊರಗೆ ಹಾಕುವುದಿಲ್ಲ. ಆ ಫ್ಲೈಓವರ್‌ಗೆ ಕಲ್ಲು ಹೊತ್ತವರು, ಆ ಸಭಾಭವನಕ್ಕೆ ಸೆಂಟ್ರಿಂಗ್ ಕಟ್ಟಿದವರು ನಮ್ಮಂಥ ಊರಿನ ಜನವೇ. ಅಡ್ಡಾದಲ್ಲಿ ನಿಂತು ಕೆಲಸಕ್ಕೆ ಕಾಯುವ ಹೆಂಗಸಿನ ಕೈಯಲ್ಲಿ ಬುತ್ತಿಗಂಟು, ಕಂಕುಳಲ್ಲಿ ಕೂಸು ಇರುತ್ತದೆ. ಕೆಲಸ ಸಿಕ್ಕ ದಿನ ಅವಳು ಕೂಲಿ, ಸಿಗದ ದಿನ ಪೊಲೀಸರ ಕಣ್ಣಿಗೆ ಭಿಕ್ಷುಕಿ. ವ್ಯಾನಿಗೆ ಹತ್ತಿಸುವವನು ಇದನ್ನೆಲ್ಲ ವಿಚಾರಿಸಿ ಹತ್ತಿಸುವುದಿಲ್ಲ.

---

ಪ್ಯಾರಿಸ್ ಕನ್ನಡತಿ:

ಬೇರೆ ದೇಶದಲ್ಲೂ ಹೀಗೇನಾ ಅಂತ ಕೇಳಿದ್ದೀರಿ. ಹೌದು. ನಾನು ಇರುವುದು ಪ್ಯಾರಿಸ್ ಪಕ್ಕದ ಊರಲ್ಲಿ. 2024ರ ಜುಲೈ 26ರಿಂದ ಆಗಸ್ಟ್ 11ರವರೆಗೆ ಇಲ್ಲಿ ಒಲಿಂಪಿಕ್ಸ್ ನಡೆಯಿತು. ಇಲ್ಲಿ ವಿಧಾನ ಮಾತ್ರ ಬೇರೆ, ನೋಡಲು ಮರ್ಯಾದೆಯಾಗಿಯೇ ಕಾಣುತ್ತದೆ.

2023ರ ವಸಂತದಿಂದ ಸರ್ಕಾರ ಪ್ಯಾರಿಸ್ ಸುತ್ತಲಿನ ಬೀದಿ ಜನರನ್ನು, ಹೆಚ್ಚಾಗಿ ವಲಸೆ ಬಂದವರನ್ನು, ಬಸ್ಸಿನಲ್ಲಿ ದೂರದ ಪ್ರಾಂತ್ಯಗಳಿಗೆ ಕಳಿಸಲು ಶುರು ಮಾಡಿತು. ಹತ್ತು ಪ್ರಾಂತ್ಯಗಳಲ್ಲಿ ಅದಕ್ಕಾಗಿ ತಾತ್ಕಾಲಿಕ ಕೇಂದ್ರಗಳನ್ನು ತೆರೆದರು. ಅಲ್ಲಿ ಸುಮಾರು ಮೂರು ವಾರ ಇರಬಹುದು, ಆಮೇಲೆ ಅವರವರ ಪರಿಸ್ಥಿತಿ ನೋಡಿ ಮುಂದಿನ ವ್ಯವಸ್ಥೆ. ಒಲಿಂಪಿಕ್ಸ್‌ಗೂ ಇದಕ್ಕೂ ನಂಟಿಲ್ಲ, ಪ್ಯಾರಿಸ್ ಮೇಲಿನ ಭಾರ ಇಳಿಸಲು ಮಾಡಿದ್ದು ಅಂತ ಸರ್ಕಾರ ಹೇಳಿತು. ಕೆಲವರಿಗೆ ಇದರಿಂದ ನಿಜಕ್ಕೂ ಮನೆ ಸಿಕ್ಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಪೂರ್ತಿ ಕಥೆ ಕೇಳಿ. 2024ರ ಮಾರ್ಚ್‌ನಲ್ಲಿ ಓರ್ಲಿಯಾನ್ ನಗರದ ಮೇಯರ್ ಸಿಟ್ಟಾಗಿ ಹೊರಗೆ ಹೇಳಿದರು: ನಮಗೆ ಸರಿಯಾಗಿ ತಿಳಿಸದೆಯೇ 500ರಷ್ಟು ಜನರನ್ನು ಪ್ಯಾರಿಸ್‌ನಿಂದ ನಮ್ಮ ಊರಿಗೆ ತಂದಿದ್ದಾರೆ, ಮೂರು ವಾರ ಹೋಟೆಲಿನಲ್ಲಿ ಇಡುತ್ತಾರೆ, ಆಮೇಲೆ ಅವರ ಪಾಡು ಅವರಿಗೆ ಅಂತ.

ಇನ್ನೊಂದು ಕಡೆಯಿಂದಲೂ ಸೂರು ಕಡಿಮೆಯಾಯಿತು. ಇಲ್ಲಿ ಸೂರಿಲ್ಲದ ಕುಟುಂಬಗಳನ್ನು ಸರ್ಕಾರ ಅಗ್ಗದ ಹೋಟೆಲ್ ಕೋಣೆಗಳಲ್ಲಿ ಇಡುತ್ತದೆ. ಕ್ರೀಡಾಕೂಟದ ಹೊತ್ತಿಗೆ ಪ್ರವಾಸಿಗಳಿಂದ ಜಾಸ್ತಿ ದುಡ್ಡು ಬರುತ್ತದೆ ಅಂತ ಹೋಟೆಲಿನವರು ಆ ಕೋಣೆಗಳನ್ನು ವಾಪಸ್ ಪಡೆಯುತ್ತಿದ್ದಾರೆ ಅಂತ ವಸತಿ ಸಚಿವರೇ 2023ರಲ್ಲಿ ಸಂಸತ್ತಿನಲ್ಲಿ ಒಪ್ಪಿಕೊಂಡರು. 2024ರ ಏಪ್ರಿಲ್‌ನಲ್ಲಿ ವಿಟ್ರಿ-ಸುರ್-ಸೇನ್ ಅನ್ನುವಲ್ಲಿ, ಹಳೇ ಬಸ್ ಕಂಪನಿಯ ಖಾಲಿ ಕಟ್ಟಡದಲ್ಲಿದ್ದ ನೂರಾರು ಜನರನ್ನು ಪೊಲೀಸರು ಖಾಲಿ ಮಾಡಿಸಿದರು. ಅಲ್ಲಿದ್ದವರಲ್ಲಿ ತುಂಬ ಜನಕ್ಕೆ ಕಾಗದಪತ್ರ ಇತ್ತು, ಕೆಲಸವೂ ಇತ್ತು. ಇಲ್ಲಿ ಕೆಲಸ ಇರುವವನಿಗೆ ಸ್ಟ್ರಾಸ್‌ಬರ್ಗ್ ಬಸ್ ತೋರಿಸಿದರೆ ಅವನು ಏನು ಮಾಡಬೇಕು? ಹತ್ತಿದರೆ ಕೆಲಸ ಹೋಯಿತು, ಹತ್ತದಿದ್ದರೆ "ಸೌಲಭ್ಯ ಬೇಡ ಅಂದ" ಅಂತ ಬರೆದುಕೊಳ್ಳುತ್ತಾರೆ.

ಇಲ್ಲಿನ ಹಲವು ಸಂಘಟನೆಗಳು ಸೇರಿ ಲೆಕ್ಕ ಹಾಕಿದವು. ಅವರ ಪ್ರಕಾರ 2023ರ ಏಪ್ರಿಲ್‌ನಿಂದ 2024ರ ಮೇವರೆಗೆ ಪ್ಯಾರಿಸ್ ಪ್ರಾಂತ್ಯದಲ್ಲಿ ಎಬ್ಬಿಸಲ್ಪಟ್ಟವರು 12,545 ಜನ. ಟೆಂಟ್ ತೆಗೆದ ಮೇಲೆ ಕೆಲವು ಸೇತುವೆಗಳ ಕೆಳಗೆ ದೊಡ್ಡ ಕಾಂಕ್ರೀಟ್ ಬ್ಲಾಕ್ ಇಟ್ಟರು, ಮತ್ತೆ ಯಾರೂ ಮಲಗಬಾರದು ಅಂತ. ಅವುಗಳನ್ನು ನಾನು ದಿನಾ ನೋಡುತ್ತಿದ್ದೆ. ಒಂದು ಬ್ಲಾಕ್ ಎತ್ತಿ ಇಡಲು ಕ್ರೇನ್ ಬೇಕು. ಅಷ್ಟು ಖರ್ಚು ಮಾಡುವ ಮನಸ್ಸಿದ್ದರೆ ಹಾಸಿಗೆಗೂ ಮಾಡಬಹುದಿತ್ತು.

ಅಮೆರಿಕದ ಅಟ್ಲಾಂಟಾದಲ್ಲಿ 1996ರ ಒಲಿಂಪಿಕ್ಸ್ ಮುಂಚೆ ಇದಕ್ಕಿಂತ ಕಠೋರವಾಗಿತ್ತು. ಒಂದು ವರ್ಷದಲ್ಲಿ ಸುಮಾರು 9,000 ಸಲ ಸೂರಿಲ್ಲದವರ ಮೇಲೆ ಕೇಸು ಹಾಕಿದ್ದರು. ಪೊಲೀಸರ ಬಳಿ ಇದ್ದ ಫಾರಂಗಳಲ್ಲಿ "ಕಪ್ಪು ಜನಾಂಗ, ಗಂಡಸು, ಮನೆ ಇಲ್ಲದವ" ಅಂತ ಮೊದಲೇ ಅಚ್ಚಾಗಿತ್ತು, ಹೆಸರು ಮಾತ್ರ ತುಂಬಬೇಕಿತ್ತು. ಕೆಲವರಿಗೆ ಒಂದೇ ಕಡೆಯ ಬಸ್ ಟಿಕೆಟ್ ಕೊಟ್ಟು ಊರು ಬಿಡಿಸಿದರು.

---

ಮಾಗಡಿ ರಸ್ತೆ:

ಎಲ್ಲರೂ ಬೇರೆ ಊರಿನದ್ದೇ ಬರೆದಿದ್ದೀರಿ, ನಮ್ಮ ಊರಿನದ್ದೂ ಸ್ವಲ್ಪ ನೋಡೋಣ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯಿದೆ ಇದೆ, ಈಗಲೂ ಇದೆ. ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಭಿಕ್ಷುಕರ ಸೆಸ್ ಅಂತ ತೆರಿಗೆಯ ಮೇಲೆ ಶೇ. 3 ಇರುತ್ತದೆ. ಅಂದರೆ ಬೆಂಗಳೂರಿನಲ್ಲಿ ಸ್ವಂತ ಮನೆ ಇರುವ ಪ್ರತಿಯೊಬ್ಬರೂ ಇದಕ್ಕೆ ದುಡ್ಡು ಕೊಡುತ್ತಿದ್ದೇವೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳುವ ಹಕ್ಕು ನಮಗಿದೆ.

ಮಾಗಡಿ ರಸ್ತೆಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಇದೆ, ಹಳಬರು ಬೆಗ್ಗರ್ಸ್ ಕಾಲೋನಿ ಅನ್ನುತ್ತಾರೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ವಾಂತಿ ಭೇದಿ, ಮಿತಿ ಮೀರಿ ತುಂಬಿದ್ದ ಕೋಣೆಗಳು, ನೀರಿನ ಸಮಸ್ಯೆ ಅಂತ ಪತ್ರಿಕೆಗಳಲ್ಲಿ ದಿನಾ ಬಂತು. ಸಮಾಜ ಕಲ್ಯಾಣ ಸಚಿವರು ಆ ಖಾತೆ ಬಿಡಬೇಕಾಯಿತು. ಅದು ಯಾವ ಅಂತರರಾಷ್ಟ್ರೀಯ ಕೂಟಕ್ಕೂ ಸಂಬಂಧಪಟ್ಟದ್ದಲ್ಲ. ಆದರೂ ಇಲ್ಲಿ ಹೇಳುತ್ತಿರುವುದು ಯಾಕೆಂದರೆ, "ಒಂದು ಸೂರಿನ ಕೆಳಗೆ ಸೇರಿಸಿದರೆ ತಪ್ಪೇನು" ಅಂತ ಮೇಲೆ ಕೇಳಿದ್ದಾರೆ. ಸೂರಿಗೆ ಹೊರಗಿನಿಂದ ಬೀಗ ಇದ್ದು, ಒಳಗಿದ್ದವನಿಗೆ ಹೋಗುತ್ತೇನೆ ಅನ್ನುವ ಹಕ್ಕು ಇಲ್ಲದಿದ್ದರೆ, ಅಲ್ಲಿ ಏನಾದರೂ ಹೊರಗೆ ತಿಳಿಯುವುದು ಹೆಣ ಬಿದ್ದ ಮೇಲೆಯೇ.

ದಕ್ಷಿಣ ಕೊರಿಯಾದ್ದು ಇದಕ್ಕಿಂತ ದೊಡ್ಡ ಉದಾಹರಣೆ. 1988ರ ಸೋಲ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಅಲ್ಲಿ ಬೀದಿಯಲ್ಲಿ ಸಿಕ್ಕವರನ್ನು, ದಾರಿ ತಪ್ಪಿದ ಮಕ್ಕಳನ್ನೂ ಸೇರಿಸಿ, ಎತ್ತಿಕೊಂಡು ಹೋಗಿ ಆಶ್ರಮಗಳಿಗೆ ತುಂಬಿದರು. ಬುಸಾನ್ ನಗರದ ಬ್ರದರ್ಸ್ ಹೋಮ್ ಅನ್ನುವ ಒಂದೇ ಸಂಸ್ಥೆಯಲ್ಲಿ 1975ರಿಂದ 1987ರ ನಡುವೆ 657 ಜನ ಸತ್ತಿದ್ದಾರೆ ಅಂತ ಅಲ್ಲಿನ ಸತ್ಯಶೋಧನಾ ಆಯೋಗವೇ 2022ರಲ್ಲಿ ಹೇಳಿತು. ಹೊಡೆತ, ಬಿಟ್ಟಿ ದುಡಿಮೆ, ಅತ್ಯಾಚಾರ ಎಲ್ಲ ನಡೆದಿತ್ತು. ಒಪ್ಪಿಕೊಳ್ಳಲು ಸರ್ಕಾರಕ್ಕೆ 35 ವರ್ಷ ಬೇಕಾಯಿತು.

---

ಜಯನಗರ 4ನೇ ಬ್ಲಾಕ್:

ಎಲ್ಲರ ಉತ್ತರ ಓದಿದೆ. ಬಂಧನ, ಜೈಲು ಆವರಣ ಇದನ್ನೆಲ್ಲ ನಾನು ಸಮರ್ಥಿಸುವುದಿಲ್ಲ. ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಉಳಿದಿದೆ. ಭದ್ರತೆಗೆ ನಿಜಕ್ಕೂ ಕೆಲವು ಜಾಗ ಖಾಲಿ ಬೇಕಾಗುತ್ತದೆ. ಪ್ರಧಾನಿ, ಅಧ್ಯಕ್ಷರು ಹೋಗುವ ದಾರಿಯಲ್ಲಿ ಅಂಗಡಿಯವರನ್ನೂ ಮುಚ್ಚಿಸುತ್ತಾರೆ, ನಮ್ಮನ್ನೂ ತಡೆಯುತ್ತಾರೆ. ಆಗ ಅಲ್ಲಿ ಮಲಗುವವರನ್ನು ಏನು ಮಾಡಬೇಕು? ಸರಿಯಾದ ರೀತಿ ಯಾವುದು ಅಂತ ಯಾರಾದರೂ ಹೇಳಿ.

---

ಯಮುನಾ ಬಜಾರ್:

ಇದು ಕೇಳಬೇಕಾದ ಪ್ರಶ್ನೆಯೇ. ಅಂಗಡಿಯವನಿಗೂ ಫುಟ್‌ಪಾತಿನವನಿಗೂ ಇರುವ ವ್ಯತ್ಯಾಸ ನೋಡಿ. ಜಿ20 ಸಮಯದಲ್ಲಿ ನವದೆಹಲಿ ಭಾಗದ ಅಂಗಡಿ, ಬ್ಯಾಂಕ್ ಮುಚ್ಚಿಸಿದರು. ಯಾವ ದಿನದಿಂದ ಯಾವ ದಿನದವರೆಗೆ ಅಂತ ಮೊದಲೇ ತಿಳಿಸಿದ್ದರು, ಮುಗಿದ ಮೇಲೆ ಅದೇ ಬೀಗ ತೆಗೆದು ಅದೇ ಅಂಗಡಿ ತೆರೆದರು. ಫುಟ್‌ಪಾತಿನವನಿಗೆ ನೋಟಿಸ್ ಇಲ್ಲ, ದಿನಾಂಕ ಇಲ್ಲ, ಸಾಮಾನಿಗೆ ರಸೀದಿ ಇಲ್ಲ, ವಾಪಸ್ ಬರಲು ಜಾಗ ಇಲ್ಲ. ಭದ್ರತೆಗೆ ಮೂರು ದಿನ ಸಾಕು. ಶೆಲ್ಟರ್ ಕೆಡವಿದ್ದು ಆರು ತಿಂಗಳು ಮುಂಚೆ, ಅದಕ್ಕೂ ಭದ್ರತೆಗೂ ಏನು ಸಂಬಂಧ?

ಸರಿಯಾದ ರೀತಿ ಹೊಸದಾಗಿ ಕಂಡುಹಿಡಿಯುವಂಥದ್ದೇನಲ್ಲ. ಹೊಸ ಹಾಸಿಗೆ ಮೊದಲು, ಎಬ್ಬಿಸುವುದು ಆಮೇಲೆ. ಹೊಸ ಜಾಗ ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಕುಟುಂಬ ಒಟ್ಟಿಗಿರಲು ಆಗಬೇಕು, ಒಳಗೆ ಬರಲು ಮತ್ತು ಹೊರಗೆ ಹೋಗಲು ಅವರಿಗೇ ಬಿಡಬೇಕು. ಎಬ್ಬಿಸುವ ರಾತ್ರಿ ಪೊಲೀಸರ ಜೊತೆ ಅವರಿಗೆ ಪರಿಚಯ ಇರುವ ಶೆಲ್ಟರ್ ಕಾರ್ಯಕರ್ತರು ಇರಬೇಕು. ಗಂಟುಮೂಟೆ ಅವರ ಜೊತೆಯೇ ಹೋಗಬೇಕು. ಇಷ್ಟು ಮಾಡಿದರೆ ಹೆಚ್ಚಿನವರು ತಕರಾರು ಮಾಡುವುದೇ ಇಲ್ಲ. ಫುಟ್‌ಪಾತಿನ ಮೇಲೆ ಪ್ರೀತಿ ಇಟ್ಟುಕೊಂಡು ಯಾರೂ ಅಲ್ಲಿ ಮಲಗುತ್ತಿಲ್ಲ. ನಿಮ್ಮ ತಾಯಿಯವರಿಗೆ ನಡೆಯಲು ಫುಟ್‌ಪಾತ್ ಸಿಗಬೇಕು ಅನ್ನುವುದನ್ನೂ ನಾನು ಪೂರ್ತಿ ಒಪ್ಪುತ್ತೇನೆ, ಅದಕ್ಕೂ ಇದೇ ದಾರಿ.

ಕಾಮನ್‌ವೆಲ್ತ್ ಕೂಟದ ಕಾರಣಕ್ಕೆ ದಿಲ್ಲಿಯಲ್ಲಿ ಒಟ್ಟು ಕನಿಷ್ಠ 2 ಲಕ್ಷ ಜನ ನೆಲೆ ಕಳೆದುಕೊಂಡರು ಅಂತ ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಅನ್ನುವ ವಸತಿ ಹಕ್ಕಿನ ಸಂಘಟನೆ 2011ರಲ್ಲಿ ವರದಿ ಮಾಡಿತ್ತು. ಕೂಟ ನಡೆದದ್ದು 12 ದಿನ. ಎಬ್ಬಿಸಿದವರಲ್ಲಿ ಎಷ್ಟೋ ಜನ ಆ ಚಳಿಗಾಲದೊಳಗೆ ಮತ್ತೆ ಯಮುನೆ ದಂಡೆಗೆ ಬಂದಿದ್ದರು, ಕೈಯಲ್ಲಿ ಮೊದಲಿಗಿಂತ ಕಡಿಮೆ ಸಾಮಾನು ಇತ್ತು ಅಷ್ಟೇ.

---

ದಿಲ್ಲಿವಾಸಿ:

ಇಷ್ಟು ವಿವರ ಬರೆದ ಎಲ್ಲರಿಗೂ ಧನ್ಯವಾದ. ಒಂದು ಕೊನೆ ಪ್ರಶ್ನೆ. 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಸಿಕ್ಕಿದೆ. 2020ರ ಫೆಬ್ರವರಿಯಲ್ಲಿ ಟ್ರಂಪ್ ಬಂದಾಗ ಅಲ್ಲಿ ಇಂದಿರಾ ಸೇತುವೆ ಹತ್ತಿರ, ಏರ್‌ಪೋರ್ಟ್ ದಾರಿಯಲ್ಲಿ, ಬಸ್ತಿ ಕಾಣದ ಹಾಗೆ ಗೋಡೆಯನ್ನೇ ಕಟ್ಟಿದ್ದರು. ಈಗಿನಿಂದಲೇ ಏನಾದರೂ ಮಾಡಲು ಆಗುತ್ತದಾ? ನನ್ನ ತಂಗಿ ಅಲ್ಲಿ ಕಾನೂನು ಓದುತ್ತಿದ್ದಾಳೆ, ಅವಳಿಗೂ ಈ ಚರ್ಚೆ ಕಳಿಸಿದ್ದೇನೆ.

---

ಯಮುನಾ ಬಜಾರ್:

ತಂಗಿಗೆ ಮೊದಲು ಈ ವಿಷಯ ಹೇಳಿ. 1959ರ ಬಾಂಬೆ ಕಾಯಿದೆ ಗುಜರಾತಿಗೂ ಅನ್ವಯಿಸುತ್ತದೆ, ಹಳೇ ಬಾಂಬೆ ರಾಜ್ಯದಿಂದ ಬಂದದ್ದು. 2018ರ ದಿಲ್ಲಿ ತೀರ್ಪು ದಿಲ್ಲಿಗೆ ಮಾತ್ರ. ಅಂದರೆ ದಿಲ್ಲಿಯಲ್ಲಿ ಬಿದ್ದುಹೋದ ದಾರಿ ಅಹಮದಾಬಾದಿನಲ್ಲಿ ಸಿಗಬಹುದು. 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ ಕೂಡ ಅಲ್ಲಿನ ಇಂಥದೇ ಕಾಯಿದೆಯನ್ನು ರದ್ದು ಮಾಡಿದೆ. ಎರಡೂ ತೀರ್ಪು ಓದಲಿ, ಅಲ್ಲಿನ ವಕೀಲರ ಜೊತೆ ಮಾತಾಡಲಿ. ನಮಗೆ ಪೂಸಾ ರಸ್ತೆ ಆದೇಶ ಸಿಕ್ಕಿದ್ದು ಟೆಂಟ್ ಕಿತ್ತ ಮೇಲೆ. ಅಲ್ಲಿ ಇನ್ನೂ ಸಮಯ ಇದೆ.

ಇನ್ನೊಂದು ಕೆಲಸ ಕಾನೂನು ಗೊತ್ತಿಲ್ಲದವರೂ ಮಾಡಬಹುದು. ಆ ಊರಿನಲ್ಲಿ ಈಗ ಎಷ್ಟು ಶೆಲ್ಟರ್ ಇವೆ, ಎಲ್ಲೆಲ್ಲಿ, ಒಂದೊಂದರಲ್ಲಿ ಎಷ್ಟು ಹಾಸಿಗೆ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಟ್ಟಿ ತೆಗೆದಿಡಿ. ಒಂದು ಲಕ್ಷಕ್ಕೆ ಒಂದು ಅನ್ನುವ ಲೆಕ್ಕದ ಜೊತೆ ಅದನ್ನು ಹೋಲಿಸಿ. ಪ್ರತಿ ವರ್ಷ ಅದೇ ಅರ್ಜಿ ಮತ್ತೆ ಹಾಕಿ. 2029ರಲ್ಲಿ ಒಂದು ಶೆಲ್ಟರ್ ಪಟ್ಟಿಯಿಂದ ಕಾಣೆಯಾದರೆ, ಅದು ಇತ್ತು ಅನ್ನಲು ಸರ್ಕಾರದ್ದೇ ಸಹಿ ಇರುವ ಕಾಗದ ನಿಮ್ಮ ಕೈಯಲ್ಲಿರುತ್ತದೆ. 2023ರಲ್ಲಿ ಸರಾಯ್ ಕಾಲೇ ಖಾನ್ ಶೆಲ್ಟರ್ ಬಗ್ಗೆ ಕೋರ್ಟಿಗೆ ಓಡಿದಾಗ ನಮಗೆ ಬೇಕಾಗಿದ್ದು ಇಂಥ ಕಾಗದವೇ. ಅರ್ಜಿಯ ನಮೂನೆ ಬೇಕಿದ್ದರೆ ಇಲ್ಲೇ ಕೇಳಿ, ಬರೆದು ಹಾಕುತ್ತೇನೆ.